ಪೆಂಗ್ವಿನ್ ಮುಟ್ಟಲು ಎರಡು ಕಡೆ ಹೋಗಿ ಬಂದೆ

ನನಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗಾಜಿನ ಗೋಡೆ ಎಷ್ಟು ದೊಡ್ಡದಿತ್ತು, ಬೆಳಕು ಹೇಗಿತ್ತು, ಫೋಟೋ ಚೆನ್ನಾಗಿ ಬರುತ್ತಾ ಅನ್ನುವುದೆಲ್ಲ ಈ ಬರಹದಲ್ಲಿ ಸಿಗುವುದಿಲ್ಲ. ಕೈಗೆ ಸಿಕ್ಕಿದ್ದು, ಕಿವಿಗೆ ಬಿದ್ದಿದ್ದು, ಮೂಗಿಗೆ ಬಡಿದಿದ್ದು ಇಷ್ಟನ್ನೇ ಬರೆಯುತ್ತೇನೆ. ಅಕ್ವೇರಿಯಂನಲ್ಲಿ ಪೆಂಗ್ವಿನ್ ಮುಟ್ಟಿಸುವ ಕಾರ್ಯಕ್ರಮಕ್ಕೆ ಹೋಗಬೇಕಾ ಬೇಡ್ವಾ ಅಂತ ಯೋಚಿಸುತ್ತಿರುವವರಿಗೆ ಬೇಕಾಗಿರುವುದೂ ಇದೇ ಇರಬಹುದು.

ಚಿಕ್ಕವಳಿದ್ದಾಗ ನನ್ನ ಹತ್ತಿರ ಒಂದು ಪೆಂಗ್ವಿನ್ ಗೊಂಬೆ ಇತ್ತು. ಹತ್ತಿ ತುಂಬಿದ ಹೊಟ್ಟೆ, ಬಟ್ಟೆಯ ಕೊಕ್ಕು, ಜೋತುಬಿದ್ದ ಎರಡು ರೆಕ್ಕೆ. ಬೇರೆಯವರು ಟಿವಿಯಲ್ಲಿ, ಪುಸ್ತಕದಲ್ಲಿ ಪೆಂಗ್ವಿನ್ ನೋಡುತ್ತಾ ಬೆಳೆದರು. ನನಗೆ ಮೂವತ್ತು ದಾಟುವವರೆಗೂ ಪೆಂಗ್ವಿನ್ ಅಂದ್ರೆ ಆ ಗೊಂಬೆಯೇ. ಹಸುವಿನ ನಾಲಿಗೆ, ಕುದುರೆಯ ಕತ್ತು, ಗಿಳಿಯ ಉಗುರು ಎಲ್ಲ ಮುಟ್ಟಿ ಗೊತ್ತಿತ್ತು. ಪೆಂಗ್ವಿನ್ ಮಾತ್ರ ಬಟ್ಟೆಯಾಗಿಯೇ ಉಳಿದಿತ್ತು.

ಮೂರು ವರ್ಷದ ಹಿಂದೆ ಮೊದಲ ಸಲ ಹೋದೆ. ಆ ಜಾಗದ ಹೆಸರು ಬರೆಯುವುದಿಲ್ಲ. ಸುಮಾರು ಇಪ್ಪತ್ತು ಜನರ ಸಾಲು. ಮುಂದೆ ಒಂದು ಮೇಜು. ಅದರ ಮೇಲೆ ಪೆಂಗ್ವಿನ್ ನಿಲ್ಲಿಸಿ, ಒಬ್ಬರು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಒಬ್ಬೊಬ್ಬರೇ ಹೋಗಿ ಮುಟ್ಟಬೇಕು, ಫೋಟೋಗೆ ನಿಲ್ಲಬೇಕು, ಮುಂದೆ ಸಾಗಬೇಕು. ನನ್ನ ಸರದಿ ಬಂದಾಗ ಯಾರೋ ನನ್ನ ಮಣಿಕಟ್ಟು ಹಿಡಿದು ಕೈಯನ್ನು ಹಕ್ಕಿಯ ಪಕ್ಕೆಯ ಮೇಲೆ ಇಟ್ಟರು. ಮೈ ಗಟ್ಟಿಯಾಗಿತ್ತು. ಅದರ ಉಸಿರು ಬೇಗ ಬೇಗ ಬರುತ್ತಿತ್ತು. ಐದಾರು ಸೆಕೆಂಡು ಆಯಿತು. ಅಷ್ಟರಲ್ಲಿ ಹಿಂದಿನವರು ಬಂದರು.

ಅವತ್ತು ನನಗೆ ತುಂಬಾ ಖುಷಿಯಾಗಿತ್ತು. ಸುಳ್ಳು ಹೇಳುವುದಿಲ್ಲ. ಸಿಕ್ಕ ಸಿಕ್ಕವರಿಗೆಲ್ಲ ಪೆಂಗ್ವಿನ್ ಮುಟ್ಟಿದೆ ಅಂತ ಹೇಳಿದೆ. ಆದರೆ ರಾತ್ರಿ ಮಲಗಿದಾಗ ಕೈಗೆ ನೆನಪಾಗಿದ್ದು ಗರಿಗಳಲ್ಲ, ಆ ಗಟ್ಟಿತನ. ಅದು ನನಗೆ ಚೆನ್ನಾಗಿ ಗೊತ್ತಿರುವ ಗಟ್ಟಿತನ. ರಸ್ತೆ ದಾಟಲು ನಿಂತಾಗ ಯಾರೋ ಕೇಳದೆ, ಹೇಳದೆ ನನ್ನ ತೋಳು ಹಿಡಿದು ಎಳೆಯುತ್ತಾರೆ. ಅವರದು ಒಳ್ಳೆಯ ಮನಸ್ಸೇ. ಆದರೂ ಆ ಕ್ಷಣ ನನ್ನ ಮೈಯೆಲ್ಲ ಹಾಗೇ ಸೆಟೆದುಕೊಳ್ಳುತ್ತದೆ. ಆಮೇಲೆ ಪೆಂಗ್ವಿನ್ ವಿಷಯ ಯಾರಾದರೂ ಎತ್ತಿದರೆ ಮಾತು ಬದಲಿಸುತ್ತಿದ್ದೆ.

ಎರಡನೇ ಸಲ ಕರೆದುಕೊಂಡು ಹೋಗಿದ್ದು ನನ್ನ ತಂಗಿ. ಅದು ಬೇರೆ ಅಕ್ವೇರಿಯಂ. "ಅಕ್ಕಾ, ಇಲ್ಲಿ ಹಕ್ಕಿಯನ್ನು ಯಾರೂ ಹಿಡಿಯಲ್ವಂತೆ, ಬಂದ್ರೆ ಬರುತ್ತೆ, ಇಲ್ಲಾಂದ್ರೆ ಇಲ್ವಂತೆ" ಅಂದಳು. ಫೋನ್ ಮಾಡಿ ಕೇಳಿದ್ದಳು. ಪೆಂಗ್ವಿನ್ ಹತ್ತಿರ ಬರದಿದ್ದರೆ ದುಡ್ಡು ವಾಪಸ್ ಕೊಡುವುದಿಲ್ಲ ಅಂತಲೂ ಮೊದಲೇ ಹೇಳಿದ್ದರು. ಅದನ್ನು ಕೇಳಿಯೇ ನಾನು ಹೂಂ ಅಂದೆ.

ಗುಂಪಿನಲ್ಲಿ ಆರು ಜನ ಇದ್ದೆವು. ಒಟ್ಟು ನಲವತ್ತು ನಿಮಿಷ. ಅದರಲ್ಲಿ ಮೊದಲ ಕಾಲು ಗಂಟೆ ಪೆಂಗ್ವಿನ್ ಇರಲೇ ಇಲ್ಲ. ಕೈ ತೊಳೆಸಿದರು. ಹ್ಯಾಂಡ್ ಕ್ರೀಮ್, ಸನ್‌ಸ್ಕ್ರೀನ್ ಹಚ್ಚಿದ್ದವರಿಂದ ಎರಡು ಸಲ ಸೋಪು ಹಾಕಿ ತೊಳೆಸಿದರು. ಉಂಗುರ, ಬಳೆ, ವಾಚು ತೆಗೆಸಿದರು. ಒಂದು ತಟ್ಟೆಯಂಥ ತೊಟ್ಟಿಯಲ್ಲಿ ಔಷಧಿ ನೀರು ಇತ್ತು, ಬೂಟಿನ ಅಡಿಯನ್ನು ಅದರಲ್ಲಿ ಅದ್ದಿ ನಡೆಯಬೇಕಿತ್ತು. ನನ್ನ ಬಿಳಿ ಕೋಲಿನ ತುದಿಯನ್ನೂ ಅದ್ದಿಸಿದರು. ಯಾಕೆ ಅಂತ ಕೇಳಿದೆ. ಹೊರಗಿನಿಂದ ಹಕ್ಕಿ ಜ್ವರದ ವೈರಸ್ ಒಳಗೆ ಬರಬಾರದು ಅಂತ ಹೇಳಿದರು. ಇದರ ಜೊತೆ ಅವರಿಗೆ ಇನ್ನೊಂದು ಚಿಂತೆ, ಬೂಷ್ಟು. ಆಸ್ಪರ್ಜಿಲಸ್ ಅನ್ನುವ ಬೂಷ್ಟಿನ ಕಣ ಗಾಳಿಯಲ್ಲಿ ಎಲ್ಲ ಕಡೆ ಇರುತ್ತದೆ. ನಮಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಪೆಂಗ್ವಿನ್‌ಗಳ ಉಸಿರಾಟದ ಅಂಗಗಳಲ್ಲಿ ಅದು ಬೆಳೆದರೆ ಜೀವಕ್ಕೇ ಕುತ್ತು. ಹಾಗಾಗಿ ಒಳಗಿನ ಗಾಳಿಯನ್ನು ಸೋಸುತ್ತಾ ಇರುತ್ತಾರೆ. ಆ ಯಂತ್ರದ ಗುಂಯ್ ಸದ್ದು ಕೊನೆಯವರೆಗೂ ಕೇಳುತ್ತಿತ್ತು.

ಇಷ್ಟೆಲ್ಲ ಮಾಡುವಾಗ ಗುಂಪಿನಲ್ಲಿದ್ದ ಒಂದು ಮಗುವಿಗೆ ಬೇಜಾರಾಯಿತು. ನನಗೆ ಆಗಲಿಲ್ಲ. ಮೊದಲು ಹೋದ ಜಾಗದಲ್ಲಿ ಇದ್ಯಾವುದೂ ಇರಲಿಲ್ಲ ಅನ್ನುವುದು ಆಗ ನೆನಪಿಗೆ ಬಂತು.

ಹಕ್ಕಿಗಳನ್ನು ನೋಡಿಕೊಳ್ಳುವ ಕೀಪರ್ ಒಬ್ಬ ಯುವತಿ. ನನ್ನ ಹತ್ತಿರ ಬಂದು, "ಮೇಡಂ, ನಿಮ್ಮ ಮುಂದೆ ಒಂದು ಪೆಟ್ಟಿಗೆ ಇಡ್ತೀನಿ. ಕೈ ಹಿಡಿದು ತೋರಿಸಲಾ, ನೀವೇ ನೋಡ್ಕೋತೀರಾ?" ಅಂತ ಕೇಳಿದರು. ಕೇಳಿದರು ಅನ್ನುವುದೇ ನನಗೆ ದೊಡ್ಡದು. ನಾನೇ ನೋಡ್ತೀನಿ ಅಂದೆ.

ಆ ಪೆಟ್ಟಿಗೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಒಳಗೆ ಉದುರಿದ ಗರಿಗಳು, ಒಂದು ತಲೆಬುರುಡೆ, ಒಂದು ರೆಕ್ಕೆಯ ಮೂಳೆ, ಮೊಟ್ಟೆಯ ಮಾದರಿ, ಬಾಯಿಯ ಒಂದು ರಬ್ಬರ್ ಮಾದರಿ ಇದ್ದವು. ಗರಿ ನೋಡಿ ಆಶ್ಚರ್ಯವಾಯಿತು. ನನ್ನ ಬೆರಳಿನ ಒಂದು ಗೆಣ್ಣಿನಷ್ಟೇ ಉದ್ದ. ತುದಿ ಗಟ್ಟಿ, ಸ್ವಲ್ಪ ಬಾಗಿದೆ. ಬುಡದಲ್ಲಿ ಮಾತ್ರ ಹಿಂಜಿದ ಹತ್ತಿಯಷ್ಟು ಮೆತ್ತಗೆ. ಒಂದೇ ಗರಿಯಲ್ಲಿ ಎರಡು ಕೆಲಸ. ಗಟ್ಟಿ ತುದಿಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತು ನೀರನ್ನು ತಡೆಯುತ್ತವೆ. ಮೆತ್ತನೆಯ ಬುಡ ಗಾಳಿಯನ್ನು ಹಿಡಿದಿಟ್ಟುಕೊಂಡು ಮೈಯ ಬಿಸಿ ಹೊರಗೆ ಹೋಗದ ಹಾಗೆ ಕಾಯುತ್ತದೆ.

ರೆಕ್ಕೆಯ ಮೂಳೆ ಮರದ ಪಟ್ಟಿಯ ಹಾಗೆ ಚಪ್ಪಟೆ. ಕೋಳಿಯ ರೆಕ್ಕೆ ಮೊಣಕೈಯಲ್ಲಿ ಮಡಚುತ್ತದಲ್ವಾ, ಇದು ಹಾಗೆ ಮಡಚುವುದೇ ಇಲ್ಲ. ಭುಜದಿಂದ ತುದಿಯವರೆಗೆ ಒಂದೇ ಹುಟ್ಟು, ದೋಣಿಯ ಹುಟ್ಟು. ಕೈಯಲ್ಲಿ ಹಿಡಿದರೆ ಭಾರವೂ ಇದೆ. ಹಾರುವ ಹಕ್ಕಿಗಳ ಎಷ್ಟೋ ಮೂಳೆಗಳು ಒಳಗೆ ಪೊಳ್ಳು. ಪೆಂಗ್ವಿನ್ ಮೂಳೆ ಗಟ್ಟಿ, ತೂಕ ಜಾಸ್ತಿ. ನೀರೊಳಗೆ ಮುಳುಗಲು ಆ ತೂಕ ಬೇಕು. ಬಾಯಿಯ ಮಾದರಿಯೊಳಗೆ ಬೆರಳು ಹಾಕಿದೆ. ನಾಲಿಗೆ ಮೇಲೆಲ್ಲ ಮುಳ್ಳು, ಮೇಲಿನ ಅಂಗುಳಕ್ಕೂ ಮುಳ್ಳು, ಎಲ್ಲವೂ ಗಂಟಲ ಕಡೆಗೆ ಬಾಗಿವೆ. ಬೆರಳು ಒಳಗೆ ಸಲೀಸಾಗಿ ಹೋಯಿತು, ಹೊರಗೆ ಎಳೆಯುವಾಗ ತಡೆಯಿತು. ಮೀನಿಗೂ ಹೀಗೇ ಆಗುತ್ತದೆ. ಹಲ್ಲಿಲ್ಲದ ಹಕ್ಕಿ ಜಾರುವ ಮೀನನ್ನು ಹೇಗೆ ಹಿಡಿದುಕೊಳ್ಳುತ್ತದೆ ಅಂತ ಯಾರೂ ನನಗೆ ಹೇಳಿರಲಿಲ್ಲ. ಒಂದು ನಿಮಿಷದಲ್ಲಿ ಬೆರಳಿಗೆ ಅರ್ಥವಾಯಿತು.

ನಿಜ ಹೇಳಬೇಕೆಂದರೆ ಆ ಪೆಟ್ಟಿಗೆಯಿಂದಲೇ ನಾನು ಕೊಟ್ಟ ಅರ್ಧ ದುಡ್ಡು ಸಾರ್ಥಕವಾಯಿತು. ಜೀವಂತ ಹಕ್ಕಿಯನ್ನು ಅಷ್ಟು ಹೊತ್ತು, ಅಷ್ಟು ಕಡೆ ಮುಟ್ಟಿ ನೋಡಲು ಯಾರೂ ಬಿಡಬಾರದು, ನಾನೂ ಕೇಳಬಾರದು. ಪೆಟ್ಟಿಗೆ ಇದ್ದರೆ ಕೇಳುವ ಅಗತ್ಯವೇ ಇಲ್ಲ.

ಆಮೇಲೆ ಒಳಗೆ ಹೋದೆವು. ಚಳಿ ಇರುತ್ತದೆ ಅಂತ ಸ್ವೆಟರ್ ಹಾಕಿಕೊಂಡಿದ್ದೆ. ಚಳಿ ಇರಲಿಲ್ಲ. ಇವು ಆಫ್ರಿಕನ್ ಪೆಂಗ್ವಿನ್‌ಗಳು, ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾ ಕರಾವಳಿಯವು. ಹಿಮ ಕಂಡಿಲ್ಲದ ವಂಶ. ಮೀನಿನ ವಾಸನೆ, ಹಿಕ್ಕೆಯ ಘಾಟು, ಉಪ್ಪು ನೀರಿನ ವಾಸನೆ ಮೂರೂ ಒಟ್ಟಿಗೆ ಬಂದವು. ಘಾಟು ಜೋರಾಗಿಯೇ ಇರುತ್ತದೆ, ವಾಸನೆ ಆಗದವರು ಮೊದಲೇ ಯೋಚಿಸಿ. ಒದ್ದೆ ಸಿಮೆಂಟಿನ ಮೇಲೆ ಪಟ್ ಪಟ್ ಅಂತ ಸಣ್ಣ ಸಣ್ಣ ಹೆಜ್ಜೆ. ಎಲ್ಲೋ ಒಂದು ನೀರಿಗೆ ಬಿತ್ತು. ಆಗ ದೂರದ ಮೂಲೆಯಿಂದ ಒಂದು ಕತ್ತೆ ಕಿರುಚಿತು.

ಕತ್ತೆಯಲ್ಲ, ಪೆಂಗ್ವಿನ್. ಉಸಿರು ಒಳಗೆ ಎಳೆದು ಹೊರಗೆ ಬಿಡುವ ಅದೇ ಹೀಂ-ಹಾಂ. ಈ ಕೂಗಿನಿಂದಲೇ ಇಂಗ್ಲಿಷ್‌ನಲ್ಲಿ ಇದಕ್ಕೆ ಜಾಕ್‌ಆಸ್ ಪೆಂಗ್ವಿನ್ ಅಂತಲೂ ಹೆಸರು. ಪ್ರತಿ ಹಕ್ಕಿಯ ಕೂಗೂ ಬೇರೆ ಬೇರೆ. ಗುಂಪಿನ ಗದ್ದಲದಲ್ಲೂ ಜೋಡಿ ಹಕ್ಕಿ ತನ್ನ ಜೋಡಿಯ ದನಿಯನ್ನು ಗುರುತಿಸುತ್ತದೆ. ಕೀಪರ್ ಇದನ್ನು ಹೇಳಿದಾಗ ನಾನು ಸುಮ್ನೆ ನಿಂತು ಕೇಳಿಸಿಕೊಂಡೆ. ನಾನೂ ಮನೆಯವರನ್ನು ಗುರುತಿಸುವುದು ಹಾಗೇ. ಐದು ನಿಮಿಷದಲ್ಲಿ ಎರಡು ಕೂಗಿನ ವ್ಯತ್ಯಾಸ ನನಗೆ ಸಿಕ್ಕಿತು. ಒಂದರದ್ದು ದಪ್ಪ, ಕೊನೆಯಲ್ಲಿ ಉದ್ದಕ್ಕೆ ಎಳೆಯುತ್ತದೆ. ಇನ್ನೊಂದರದ್ದು ಚಿಕ್ಕ ಚಿಕ್ಕ ತುಂಡು.

ನಮ್ಮನ್ನು ಒಂದು ಕಡೆ ನೆಲಕ್ಕೆ ಹತ್ತಿರ, ತಗ್ಗು ಬೆಂಚಿನ ಮೇಲೆ ಕೂರಿಸಿದರು. ಕೈ ಮಡಿಲಲ್ಲಿ ಇಟ್ಟುಕೊಳ್ಳಬೇಕು. ಹಕ್ಕಿ ಬಂದರೆ ಕೀಪರ್ ಹೇಳುತ್ತಾರೆ. ಆಗ ಎರಡು ಬೆರಳಿನಿಂದ, ಬೆನ್ನಿನ ಮೇಲೆ ಮಾತ್ರ, ತಲೆಯಿಂದ ಬಾಲದ ಕಡೆಗೆ. ಎದುರು ದಿಕ್ಕಿಗೆ ಸವರಬಾರದು. ತಲೆ, ರೆಕ್ಕೆ, ಹೊಟ್ಟೆ ಮುಟ್ಟುವ ಹಾಗಿಲ್ಲ.

ಎರಡು ಹಕ್ಕಿ ಬಂದವು ಅಂತ ತಂಗಿ ಹೇಳಿದಳು. ಒಂದರ ರೆಕ್ಕೆಗೆ ಹಸಿರು ಪಟ್ಟಿ, ಹೆಣ್ಣು. ಇನ್ನೊಂದಕ್ಕೆ ಹಳದಿ. ಹಳದಿ ನೇರ ಆ ಮಗುವಿನ ಹತ್ತಿರ ಹೋಯಿತು. ಹಸಿರು ನನ್ನ ಕಡೆ ಬಂತು. ಹೆಜ್ಜೆ ಸದ್ದು ಹತ್ತಿರವಾಗುತ್ತಾ ಬಂದು ನಿಂತಿತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. "ಅಕ್ಕಾ, ನಿನ್ನನ್ನೇ ನೋಡ್ತಿದೆ, ತಲೆ ಆ ಕಡೆ ಈ ಕಡೆ ವಾಲಿಸ್ತಿದೆ" ಅಂದಳು ತಂಗಿ ಮೆಲ್ಲಗೆ. ಆಮೇಲೆ ಅದು ತಿರುಗಿ ಹೊರಟುಹೋಯಿತು.

ಯಾರೂ ಅದನ್ನು ವಾಪಸ್ ಕರೆಯಲಿಲ್ಲ. ಮೀನು ತೋರಿಸಿ ಎಳೆಯಲಿಲ್ಲ. ಕೀಪರ್ ಹತ್ತಿರ ಮೀನಿನ ಬಕೆಟ್ ಇತ್ತು, ಆದರೂ ಸುಮ್ಮನಿದ್ದರು. ಕಾಯುವ ಹೊತ್ತಿನಲ್ಲಿ ಆ ಬಕೆಟ್ ಬಗ್ಗೆ ಹೇಳಿದರು. ಯಾವ ಹಕ್ಕಿ ಎಷ್ಟು ಮೀನು ತಿಂದಿತು ಅಂತ ದಿನಾ ಬರೆದಿಡುತ್ತಾರೆ. ಊಟ ಕಡಿಮೆಯಾದರೆ ಅದೇ ಕಾಯಿಲೆಯ ಮೊದಲ ಸುಳಿವು. ಫ್ರೀಜರ್‌ನಲ್ಲಿ ಇಟ್ಟ ಮೀನಿನಲ್ಲಿ ಬಿ1 ವಿಟಮಿನ್ ಕಡಿಮೆಯಾಗುತ್ತದೆ. ಅದಕ್ಕೆ ಒಂದು ಮೀನಿನ ಕಿವಿರೊಳಗೆ ಮಾತ್ರೆ ಸಿಕ್ಕಿಸಿ ಕೊಡುತ್ತಾರೆ. ಮೀನನ್ನು ತಲೆ ಮೊದಲಾಗಿ ನುಂಗುತ್ತವೆ, ಹಾಗಾದರೆ ರೆಕ್ಕೆ, ಮುಳ್ಳು ಗಂಟಲಿಗೆ ಚುಚ್ಚುವುದಿಲ್ಲ.

ಹಸಿರು ಪಟ್ಟಿಯದು ಎರಡನೇ ಸಲ ಬಂದಾಗ ನನ್ನ ಬೂಟಿನ ದಾರ ಎಳೆಯಿತು. ಸಣ್ಣ ಹಕ್ಕಿಯ ಎಳೆತ ಅಂತ ಅನ್ನಿಸಲೇ ಇಲ್ಲ, ಅಷ್ಟು ಜೋರು. ಗಂಟು ಬಿಚ್ಚಿತು. ತಲೆ ಕೊಡವಿದಾಗ ಒಂದೆರಡು ಹನಿ ನನ್ನ ಕೈ ಮೇಲೆ ಬಿದ್ದವು. ಸಮುದ್ರದ ನೀರಿನ ಜೊತೆ ಹೊಟ್ಟೆಗೆ ಹೋದ ಉಪ್ಪನ್ನು ಪೆಂಗ್ವಿನ್‌ನ ಕಣ್ಣಿನ ಮೇಲಿರುವ ಗ್ರಂಥಿಗಳು ಹೊರಗೆ ಹಾಕುತ್ತವೆ. ಆ ಉಪ್ಪು ನೀರು ಕೊಕ್ಕಿನ ಮೇಲೆ ಇಳಿದು ಬರುತ್ತದೆ, ತಲೆ ಕೊಡವಿ ಅದನ್ನು ಬೀಳಿಸುತ್ತವೆ. "ಈಗ ಮುಟ್ಟಬಹುದು ಮೇಡಂ, ಬೆನ್ನು ನಿಮ್ಮ ಬಲಗೈ ಹತ್ತಿರ ಇದೆ, ಒಂದು ಗೇಣು ಮುಂದೆ" ಅಂದರು ಕೀಪರ್.

ಎರಡು ಬೆರಳು ಇಟ್ಟೆ. ಮೊದಲು ಗೊತ್ತಾಗಿದ್ದು ತಂಪು. ಹಕ್ಕಿ ಬೆಚ್ಚಗಿರುತ್ತದೆ ಅಂತ ಎಣಿಸಿದ್ದೆ. ಒಳಗೆ ಅದರ ಮೈ ನಮ್ಮದಕ್ಕಿಂತ ಸ್ವಲ್ಪ ಬಿಸಿ. ಆ ಬಿಸಿ ಹೊರಗೆ ಬರದ ಹಾಗೆ ಗರಿಗಳು ಕಾಯುತ್ತಿವೆ, ಅದಕ್ಕೇ ಮೇಲೆ ತಂಪು. ಒಂದೊಂದು ಗರಿ ಬೇರೆ ಬೇರೆಯಾಗಿ ಸಿಗಲೇ ಇಲ್ಲ. ಬಿಗಿಯಾಗಿ ನೇಯ್ದ, ಸ್ವಲ್ಪ ಎಣ್ಣೆ ಹಚ್ಚಿದ ಒಂದೇ ಹೊದಿಕೆ. ಬೆರಳು ಜಾರಿತು. ಕೆಳಗೆ ಗಟ್ಟಿ ಮಾಂಸ, ಆದರೆ ಸೆಟೆದಿರಲಿಲ್ಲ. ನನ್ನ ಬೆರಳಿಗೆ ಒರಗಿಕೊಂಡ ಹಾಗೆ ಸ್ವಲ್ಪ ಇತ್ತ ವಾಲಿತು. ಉಸಿರು ನಿಧಾನ. ನಾನು ಎಣಿಸುತ್ತಿದ್ದೆ. ಹತ್ತು ಸೆಕೆಂಡು. ಆಮೇಲೆ ಅದು ಹೋಯಿತು, ಪಟ್ ಪಟ್ ಪಟ್. ಮತ್ತೆ ಬರಲಿಲ್ಲ.

ತಂಗಿಗೆ ಒಂದು ಸಲವೂ ಸಿಗಲಿಲ್ಲ. ಆರು ಜನರಲ್ಲಿ ಮುಟ್ಟಿದ್ದು ನಾಲ್ಕು ಜನ. ಒಬ್ಬರು ಹೊರಗೆ ಬಂದ ಮೇಲೆ ಬೇಜಾರು ಮಾಡಿಕೊಂಡರು. ಅವರ ಬೇಜಾರು ನನಗೆ ಅರ್ಥವಾಗುತ್ತದೆ, ದೂರದಿಂದ ಬಂದಿದ್ದರು. ಆದರೂ ನಾನು ಆ ಕೀಪರ್ ಪರವೇ. ಹಕ್ಕಿ ಎದ್ದು ಹೋಗಲು ದಾರಿ ಇರುವ ಕಡೆ ಮಾತ್ರ ಅದು ಬಂದು ನಿಂತಿದ್ದಕ್ಕೆ ಅರ್ಥ ಇದೆ.

ಎಣ್ಣೆಯ ವಿಷಯ ಹೇಳಿದೆನಲ್ವಾ. ಬಾಲದ ಬುಡದಲ್ಲಿ ಒಂದು ಗ್ರಂಥಿ ಇದೆ. ಅದರ ಎಣ್ಣೆಯನ್ನು ಕೊಕ್ಕಿನಿಂದ ತೆಗೆದು ಮೈಗೆಲ್ಲ ಸವರಿಕೊಳ್ಳುತ್ತವೆ. ನಮ್ಮ ಕೈಯ ಕ್ರೀಮು ಆ ಗರಿಗಳ ಜೋಡಣೆ ಕೆಡಿಸಿದರೆ ನೀರು ಒಳಗೆ ಇಳಿಯುತ್ತದೆ. ಇದು ಎಷ್ಟು ದೊಡ್ಡದಾಗಬಹುದು ಅನ್ನುವುದಕ್ಕೆ ಕೀಪರ್ 2000ದ ಕಥೆ ಹೇಳಿದರು. ಆ ವರ್ಷ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಹತ್ತಿರ 'ಟ್ರೆಷರ್' ಅನ್ನುವ ಹಡಗು ಮುಳುಗಿ ತೈಲ ಸೋರಿತು. ಸುಮಾರು 19,000 ಪೆಂಗ್ವಿನ್‌ಗಳ ಮೈಗೆ ತೈಲ ಮೆತ್ತಿತ್ತು. ಸಾವಿರಾರು ಜನ ಸ್ವಯಂಸೇವಕರು ಸೇರಿ ಒಂದೊಂದನ್ನೇ ಹಿಡಿದು ತೊಳೆದರು. ತೈಲ ತಾಗದ ಸುಮಾರು 19,500 ಹಕ್ಕಿಗಳನ್ನು ಹಿಡಿದು, ದೂರದ ಪೋರ್ಟ್ ಎಲಿಜಬೆತ್ ಕಡೆಗೆ ಸಾಗಿಸಿ ಸಮುದ್ರಕ್ಕೆ ಬಿಟ್ಟರು. ಅವು ಈಜಿಕೊಂಡು ಮನೆಗೆ ವಾಪಸ್ ಬರುವಷ್ಟರಲ್ಲಿ ಅಲ್ಲಿನ ತೈಲ ತೆಗೆದು ಮುಗಿಸಬೇಕು ಅನ್ನುವ ಲೆಕ್ಕ. ಹಾಗೇ ಆಯಿತು. ಈ ಕಥೆ ಕೇಳುವಾಗ ನನ್ನ ಎರಡು ಬೆರಳಲ್ಲಿ ಆ ನುಣುಪು ಇನ್ನೂ ಇತ್ತು. ಅದರ ಮೇಲೆ ಡಾಂಬರಿನಂಥ ತೈಲ ಮೆತ್ತಿದರೆ ಹೇಗಿರುತ್ತದೆ ಅಂತ ಊಹಿಸಿ ಕೈಯನ್ನು ಸೀರೆಗೆ ಒರೆಸಿಕೊಂಡೆ.

ಅಷ್ಟು ಕಷ್ಟಪಟ್ಟು ಉಳಿಸಿದ ಹಕ್ಕಿಯ ಪರಿಸ್ಥಿತಿ ಈಗ ಇನ್ನೂ ಕೆಟ್ಟಿದೆ. ನೂರು ವರ್ಷದ ಹಿಂದೆ ಹತ್ತು ಲಕ್ಷಕ್ಕೂ ಜಾಸ್ತಿ ಇದ್ದವು. ಈಗ ಸಮುದ್ರ ತೀರದಲ್ಲಿ ಮರಿ ಮಾಡುವ ಜೋಡಿಗಳು ಹತ್ತು ಸಾವಿರಕ್ಕೂ ಕಡಿಮೆ. ಅಳಿವಿನ ಅಂಚಿನ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2024ರಲ್ಲಿ ಇದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಹಿಂದೆ ಮೊಟ್ಟೆ ಕದ್ದರು. ಗೂಡು ತೋಡಲು ಬೇಕಾದ ಹಿಕ್ಕೆಯ ಪದರವನ್ನೇ ಗೊಬ್ಬರಕ್ಕೆ ಅಂತ ಕೆರೆದು ಒಯ್ದರು. ಈಗಿನ ದೊಡ್ಡ ಕಾರಣ ಹಸಿವು. ಅವು ತಿನ್ನುವ ಸಾರ್ಡೀನ್, ಆಂಚೊವಿ ಮೀನು ಕಡಿಮೆಯಾಗಿದೆ, ಉಳಿದಿದ್ದಕ್ಕೆ ದೋಣಿಗಳ ಜೊತೆ ಪೈಪೋಟಿ.

ಕೊರತೆಗಳೂ ಇವೆ. ಬುಕ್ ಮಾಡುವ ಪುಟ ನನ್ನ ಫೋನಿನ ಓದುವ ಸಾಫ್ಟ್‌ವೇರ್‌ಗೆ ಸರಿಯಾಗಿ ಸಿಗಲಿಲ್ಲ, ತಾರೀಖು ಆರಿಸುವ ಜಾಗದಲ್ಲಿ ಸಿಕ್ಕಿಹಾಕಿಕೊಂಡಿತು. ತಂಗಿ ಇಲ್ಲದಿದ್ದರೆ ಬುಕ್ ಮಾಡಲು ಆಗುತ್ತಿರಲಿಲ್ಲ. ನೆಲ ಒದ್ದೆ, ಜಾರುತ್ತದೆ, ಎರಡು ಮೆಟ್ಟಿಲಿಗೆ ಹಿಡಿಕೆ ಇಲ್ಲ. ಕೊನೆಯಲ್ಲಿ ಫೋಟೋ ತೆಗೆಯುವವರು ಬಂದು "ಈ ಕಡೆ ನೋಡಿ, ಈ ಕಡೆ ನೋಡಿ" ಅಂತ ಜೋರಾಗಿ ಕೂಗಿದರು. ಎರಡೂ ಹಕ್ಕಿಗಳು ತಕ್ಷಣ ನೀರಿಗೆ ಹಾರಿದವು. ಅಷ್ಟು ಹೊತ್ತು ಅಷ್ಟು ಜೋಪಾನವಾಗಿ ನಡೆದ ಕೆಲಸವನ್ನು ಫೋಟೋಗೋಸ್ಕರ ಹಾಳು ಮಾಡಬಾರದು. ಇದನ್ನು ಅವರಿಗೂ ಹೇಳಿ ಬಂದೆ.

ನೀವು ಹೋಗುವುದಾದರೆ ಮೊದಲು ಫೋನ್ ಮಾಡಿ. ಹಕ್ಕಿಯನ್ನು ಯಾರಾದರೂ ಹಿಡಿದುಕೊಳ್ಳುತ್ತಾರಾ ಅಂತ ಕೇಳಿ. ಹಿಡಿಯುತ್ತೇವೆ ಅಂದರೆ ಬಿಟ್ಟುಬಿಡಿ. ದಿನಕ್ಕೆ ಎಷ್ಟು ಗುಂಪು, ಒಂದೇ ಹಕ್ಕಿಯನ್ನು ಎಷ್ಟು ಸಲ ಕರೆತರುತ್ತಾರೆ ಅಂತಲೂ ಕೇಳಿ. ಕೈ ತೊಳೆಸದೆ ಮುಟ್ಟಲು ಬಿಡುವ ಕಡೆ ಹೋಗಲೇಬೇಡಿ. ಮುಟ್ಟಿದ ಮೇಲೂ ಸೋಪು ಹಾಕಿ ತೊಳೆದುಕೊಳ್ಳಿ, ಹಕ್ಕಿಗಳಿಂದ ನಮಗೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಸೋಂಕು ಬರಬಹುದು. ಮಕ್ಕಳನ್ನು ಕರೆದುಕೊಂಡು ಹೋಗುವವರು ಮುಟ್ಟಲು ಸಿಗದೇ ಇರಬಹುದು ಅನ್ನುವುದನ್ನು ಮನೆಯಲ್ಲೇ ಹೇಳಿ ಒಪ್ಪಿಸಿ. ಕಣ್ಣು ಕಾಣದವರು ಬರುತ್ತಿದ್ದೀರಿ ಅಂದರೆ ಮೊದಲೇ ತಿಳಿಸಿ, ಆ ಪೆಟ್ಟಿಗೆಯನ್ನು ಕೇಳಿ ಪಡೆಯಿರಿ.

ಹೊರಡುವಾಗ ಆ ದಪ್ಪ ದನಿ ಮತ್ತೆ ಕೂಗಿತು. ಅದು ಹಸಿರು ಪಟ್ಟಿಯ ಜೋಡಿಯಂತೆ, ನೀಲಿ ಪಟ್ಟಿಯ ಗಂಡು. ಅವತ್ತು ನಮ್ಮ ಹತ್ತಿರ ಯಾಕೆ ಬರಲಿಲ್ಲ ಅಂತ ಕೇಳಿದೆ. ಗರಿ ಉದುರಿಸುತ್ತಿತ್ತು. ವರ್ಷಕ್ಕೊಮ್ಮೆ ಎಲ್ಲ ಗರಿಗಳೂ ಒಟ್ಟಿಗೆ ಉದುರಿ ಹೊಸದು ಬರುತ್ತವೆ, ಸುಮಾರು ಮೂರು ವಾರ. ಅಷ್ಟು ದಿನ ಮೈಯಲ್ಲಿ ನೀರು ತಡೆಯುವ ಶಕ್ತಿ ಇರುವುದಿಲ್ಲ. ಅಕ್ವೇರಿಯಂ ಬಿಟ್ಟು ಸಮುದ್ರ ತೀರದಲ್ಲಿದ್ದರೆ ಬೇಟೆಗೆ ಹೋಗಲಾಗದೆ ಉಪವಾಸ ಇರಬೇಕು, ಮೊದಲೇ ತಿಂದು ಕೂಡಿಟ್ಟ ಕೊಬ್ಬೇ ಗತಿ. ಆಗ ಯಾರೂ ಅದರ ಹತ್ತಿರ ಹೋಗುವುದಿಲ್ಲ, ಕೀಪರ್ ಕೂಡ ಬೇಕಾದಷ್ಟೇ. ನಾವು ಹೋಗಿ ಬಂದು ಆರು ವಾರ ಆಗಿದೆ, ಈಗ ಹೊಸ ಗರಿ ಪೂರ್ತಿ ಬಂದಿರಬೇಕು. ಮುಂದಿನ ತಿಂಗಳಿಗೆ ತಂಗಿಯ ಹೆಸರಿನಲ್ಲಿ ಬುಕ್ ಮಾಡಿದ್ದೇವೆ. ಈ ಸಲ ಅವಳು ಬೆಂಚಿನ ಆ ತುದಿಯಲ್ಲಿ, ನೀರಿನ ಪಕ್ಕಕ್ಕೆ ಕೂರುತ್ತಾಳಂತೆ.